ಜಾಗ ಕೇಳದ ಗ್ಲೈಸಿನ್

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಕಂಪ್ಯೂಟರಿನಲ್ಲಿ ರಾಮಚಂದ್ರನ್ ನಕ್ಷೆ ತೆರೆದರು. ಪ್ರೋಟೀನಿನ ಬೆನ್ನೆಲುಬು ಪ್ರತಿ ಅಮೈನೊ ಆಮ್ಲದ ಬಳಿಯೂ ಎರಡು ಕಡೆ ತಿರುಗಬಲ್ಲದು. ಆ ಎರಡು ಕೋನ ಸೇರಿ ಒಂದು ಚುಕ್ಕೆ. ಚುಕ್ಕೆಗಳೆಲ್ಲ ಎರಡು ಮೂರು ಕಡೆ ಗುಂಪುಗಟ್ಟಿದ್ದವು. ಉಳಿದ ಬಯಲಲ್ಲಿ ಕೆಲವು ಒಂಟಿಯಾಗಿ ಅಲೆಯುತ್ತಿದ್ದವು.

‘ಇವು ಯಾರು?’ ಎಂದೆ.

‘ಗ್ಲೈಸಿನ್ ಸಾರ್. ಅದನ್ನ ತಡೆಯೋಕೆ ಅಲ್ಲಿ ಏನೂ ಇಲ್ಲ’ ಎಂದು ನಕ್ಕರು.

ಅಂದಿನಿಂದ ನಾನು ಗ್ಲೈಸಿನ್ ಪಕ್ಷ. ಅಮೈನೊ ಆಮ್ಲಗಳ ಗುಣವನ್ನು ನಿರ್ಧರಿಸುವುದು ಪಾರ್ಶ್ವ ಸರಪಳಿ ಎಂದು ಪಿಯುಸಿಯಲ್ಲೇ ಓದಿರುತ್ತೇವೆ. ಎಣ್ಣೆ ಸ್ವಭಾವದ ಲ್ಯೂಸಿನ್, ವ್ಯಾಲಿನ್ ನೀರಿಗಂಜಿ ಪ್ರೋಟೀನಿನ ಒಳಗೆ ಅಡಗುತ್ತವೆ. ವಿದ್ಯುದಂಶ ಹೊತ್ತ ಲೈಸಿನ್ ಸಾಮಾನ್ಯವಾಗಿ ಹೊರಮೈಯಲ್ಲಿರುತ್ತದೆ. ಪ್ರೋಲಿನ್‌ನ ಸರಪಳಿ ತನ್ನದೇ ನೈಟ್ರೋಜನ್ನಿಗೆ ಗಂಟುಬಿದ್ದಿರುವುದರಿಂದ ಅದರ ತಿರುಗಾಟಕ್ಕೆ ಕಡಿವಾಣ. ಗ್ಲೈಸಿನ್‌ಗೋ ಸರಪಳಿಯ ಜಾಗದಲ್ಲಿ ಒಂದು ಹೈಡ್ರೋಜನ್ ಪರಮಾಣು, ಅಷ್ಟೇ. ಬಣ್ಣಬಣ್ಣದ ಕೋಷ್ಟಕಗಳಲ್ಲಿ ಅದನ್ನು ಯಾವ ಮೂಲೆಗೆ ತಳ್ಳಬೇಕೆಂದು ಒಬ್ಬೊಬ್ಬ ಲೇಖಕರದು ಒಂದೊಂದು ಮಾತು. ನನಗೆ ಆ ಕೋಷ್ಟಕಗಳ ಮೇಲೇ ಅಷ್ಟು ನಂಬಿಕೆಯಿಲ್ಲ.

ಗ್ಲೈಸಿನ್ ಮೊದಲು ಸಿಕ್ಕಿದ್ದು 1820ರಲ್ಲಿ, ಫ್ರಾನ್ಸಿನ ಆನ್ರಿ ಬ್ರಾಕೊನೊ ಜೆಲಟಿನ್‌ ಅನ್ನು ಗಂಧಕಾಮ್ಲದಲ್ಲಿ ಕುದಿಸಿದಾಗ. ರುಚಿ ನೋಡಿದರೆ ಸಿಹಿ! ಜೆಲಟಿನ್ ಬರುವುದು ಚರ್ಮ, ಮೂಳೆಗಳಲ್ಲಿರುವ ಕೊಲ್ಲಾಜನ್‌ ಎಂಬ ನಾರಿನಿಂದ. ಅದರಲ್ಲಿ ಪ್ರತಿ ಮೂರನೆಯದೂ ಗ್ಲೈಸಿನ್. ಏಕೆಂಬುದಕ್ಕೆ ಉತ್ತರ ಸಿಕ್ಕಿದ್ದು ಮದ್ರಾಸಿನಲ್ಲಿ. ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರಗಳನ್ನು ಮುಂದಿಟ್ಟುಕೊಂಡು ಜಿ.ಎನ್. ರಾಮಚಂದ್ರನ್, ಗೋಪಿನಾಥ್ ಕರ್ತಾ 1954ರಲ್ಲಿ ಮೂರೆಳೆಯ ಮಾದರಿ ಪ್ರಕಟಿಸಿದರು. ಹಗ್ಗದಂತೆ ಹೊಸೆದುಕೊಂಡ ಮೂರು ಎಳೆಗಳ ನಡುವೆ ಗ್ಲೈಸಿನ್ ಬಿಟ್ಟರೆ ಬೇರೆ ಯಾವುದಕ್ಕೂ ಎಡೆಯಿಲ್ಲ.

ನಿಮ್ಮ ಮಾದರಿಯಲ್ಲಿ ಪರಮಾಣುಗಳು ತೀರಾ ಹತ್ತಿರ ಬಂದಿವೆ ಎಂದು ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ತಗಾದೆ ತೆಗೆದರು. ಹಾಗಾದರೆ ಎಷ್ಟು ಹತ್ತಿರ ಬರಬಹುದು? ರಾಮಚಂದ್ರನ್ ಇದನ್ನೇ ಬೆನ್ನುಹತ್ತಿದರು. ರಾಮಕೃಷ್ಣನ್, ಶಶಿಶೇಖರನ್ ಜೊತೆ 1963ರಲ್ಲಿ ಆ ನಕ್ಷೆ ಕೊಟ್ಟರು. 1971ರಲ್ಲಿ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಇಂದು ಹೊಸ ಪ್ರೋಟೀನಿನ ರಚನೆ ಸಿದ್ಧಪಡಿಸಿದವರು ಆ ನಕ್ಷೆಯ ಪರೀಕ್ಷೆ ದಾಟಬೇಕು. ಗ್ಲೈಸಿನ್‌ಗಂತೂ ಬೇರೆಯದೇ ನಕ್ಷೆ.

ಏನೂ ಇಲ್ಲದ್ದಕ್ಕೆ ಇಷ್ಟು ಉಪಚಾರ ಏಕೆ ಎನ್ನುವವರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇರುವ ಮಕ್ಕಳನ್ನು ನೆನೆಯಬೇಕು. ಅವರಲ್ಲಿ ಅನೇಕರಿಗೆ ಕೊಲ್ಲಾಜನ್ನಿನ ಒಂದೇ ಒಂದು ಗ್ಲೈಸಿನ್ ಹೋಗಿ, ಆ ಜಾಗಕ್ಕೆ ದೊಡ್ಡದೊಂದು ಬಂದು ಕೂತಿರುತ್ತದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯಲು ಅಷ್ಟು ಸಾಕು.