ಲೆಕ್ಕ ಬಿಟ್ಟು ಒಂದಾದ ಅಂಚೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಕಾಗದಕ್ಕೆ ಎಷ್ಟು ಹಾಸಲು ಬೀಳುತ್ತದೆ ಎಂಬುದು ಬರೆದವರಿಗಿರಲಿ, ಅಂಚೆ ಗುಮಾಸ್ತರಿಗೂ ಸುಲಭಕ್ಕೆ ಬಗೆಹರಿಯುತ್ತಿರಲಿಲ್ಲ. ತೂಕದ ಅಳತೆ, ನಾಣ್ಯ, ಒಪ್ಪಂದ ಎಲ್ಲವೂ ಒಂದೊಂದೆಡೆ ಒಂದೊಂದಾಗಿದ್ದು, ಕಾಗದ ಯಾವ ದೇಶಗಳನ್ನು ಹಾದುಹೋಗುತ್ತದೆ ಎಂಬುದರ ಮೇಲೆ ದರ ಬದಲಾಗುತ್ತಿತ್ತು. ವಸೂಲಾದ ಹಣದಲ್ಲಿ ಆಯಾ ದೇಶದ ಪಾಲನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಸಲ್ಲಿಸಬೇಕಿತ್ತು. ರೋಲೆಂಡ್ ಹಿಲ್ ಸೂಚಿಸಿದ ಸುಧಾರಣೆಯಿಂದ 1840ರಲ್ಲಿ ಬ್ರಿಟನ್ನಿನೊಳಗೆ ದೂರ ಎಷ್ಟಿದ್ದರೂ ಒಂದೇ ದರ ಎಂಬ ಪದ್ಧತಿ ನೆಲೆಗೊಂಡಿತಾದರೂ, ಗಡಿ ದಾಟಿದ ಕೂಡಲೇ ಹಳೆಯ ಗೋಜಲು ಮರಳುತ್ತಿತ್ತು.

ಅಮೆರಿಕದ ಅಂಚೆ ಮುಖ್ಯಸ್ಥ ಮಾಂಟ್ಗೊಮರಿ ಬ್ಲೇರ್ ಮುಂದಾಗಿ 1863ರಲ್ಲಿ ಪ್ಯಾರಿಸ್‌ನಲ್ಲಿ ಕೂಡಿಸಿದ 15 ದೇಶಗಳ ಸಭೆ ಕೆಲವು ಸಾಮಾನ್ಯ ತತ್ತ್ವಗಳನ್ನು ಒಪ್ಪಿತೇ ಹೊರತು ಯಾರನ್ನೂ ಕಟ್ಟುಪಾಡಿಗೆ ಒಳಪಡಿಸಲಿಲ್ಲ. ಉತ್ತರ ಜರ್ಮನ್ ಒಕ್ಕೂಟದ ಅಂಚೆ ಅಧಿಕಾರಿ ಹೈನ್ರಿಕ್ ಫಾನ್ ಸ್ಟೆಫಾನ್ 1868ರಲ್ಲಿ ಮುಂದಿಟ್ಟ ಯೋಜನೆಯನ್ನು ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವಿನ ಯುದ್ಧ ಹಿಂದಕ್ಕೆ ತಳ್ಳಿತು. ಕೊನೆಗೆ 1874ರ ಸೆಪ್ಟೆಂಬರ್ 15ರಂದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 22 ದೇಶಗಳ ಪ್ರತಿನಿಧಿಗಳು ಸೇರಿ, ಅಕ್ಟೋಬರ್ 9ರಂದು ಒಡಂಬಡಿಕೆಗೆ ರುಜು ಹಾಕಿದರು. ಫ್ರಾನ್ಸ್ ಮಾತ್ರ ಹಿಂದೆಮುಂದೆ ನೋಡಿ, 1876ರ ಆರಂಭದಲ್ಲಷ್ಟೇ ಒಳಬಂದಿತು.

ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶವಾಗುತ್ತವೆ ಎಂಬುದು ಈ ಒಡಂಬಡಿಕೆಯ ಮೊದಲ ವಿಧಿಯ ಸಾರ. ಅಂದರೆ ಯಾವ ದೇಶವೂ ತನ್ನ ಸಾರ್ವಭೌಮತ್ವವನ್ನು ಬಿಟ್ಟುಕೊಡದೆ, ಕಾಗದದ ಮಟ್ಟಿಗೆ ಮಾತ್ರ ಗಡಿ ಇಲ್ಲವೆಂದು ಭಾವಿಸಿ ನಡೆದುಕೊಳ್ಳುವುದು. 15 ಗ್ರಾಂ ತೂಕದ ಕಾಗದಕ್ಕೆ 25 ಸೆಂಟೀಮ್‌ಗಳ ಸಾಮಾನ್ಯ ದರ ನಿಗದಿಯಾಯಿತು. ಇದಕ್ಕಿಂತಲೂ ದಿಟ್ಟವಾದದ್ದು, ಅಂಚೆಚೀಟಿ ಮಾರಿ ಬಂದ ಹಣವನ್ನೆಲ್ಲ ಮಾರಿದ ದೇಶವೇ ಇಟ್ಟುಕೊಳ್ಳಬೇಕು, ಬಟವಾಡೆ ಮಾಡುವ ದೇಶ ಏನನ್ನೂ ಕೇಳಬಾರದು ಎಂಬ ನಿಯಮ. ಕಾಗದ ಹೋದರೆ ಉತ್ತರ ಬಂದೇ ಬರುತ್ತದೆ, ಆದ್ದರಿಂದ ಕೊಟ್ಟದ್ದೂ ಪಡೆದದ್ದೂ ಸುಮಾರಾಗಿ ಸರಿಹೋಗುತ್ತದೆ ಎಂಬ ಎಣಿಕೆ ಇದರ ಹಿಂದಿತ್ತು. ನಡುವಿನ ದೇಶಗಳಿಗೆ ಸಲ್ಲುವ ಸಾಗಣೆ ಶುಲ್ಕವೊಂದು ಉಳಿಯಿತಾದರೂ, ಸ್ನೇಹಭಾವಕ್ಕಿಂತ ಹೆಚ್ಚಾಗಿ, ಲೆಕ್ಕ ಬರೆಯುವ ಖರ್ಚು ಉಳಿದದ್ದೇ ಸರ್ಕಾರಗಳನ್ನು ಒಗ್ಗೂಡಿಸಿತು ಎನ್ನಬೇಕು.

ಬ್ರಿಟಿಷ್ ಆಡಳಿತದಲ್ಲಿದ್ದ ಭಾರತ 1876ರ ಜುಲೈ 1ರಂದು ಸೇರಿತು. ಸ್ವತಂತ್ರವಲ್ಲದ ನಾಡಿಗೂ ಅಂಚೆ ಆಡಳಿತವೊಂದಿದ್ದರೆ ಪ್ರತ್ಯೇಕ ಸದಸ್ಯತ್ವ ಸಿಗುತ್ತಿದ್ದುದು ಅಂದಿನ ಅಂತರರಾಷ್ಟ್ರೀಯ ಕಾನೂನಿನ ಒಂದು ವಿಚಿತ್ರ. ಮೈಸೂರು ಸಂಸ್ಥಾನದ ಸ್ವಂತ ಅಂಚೆಯಾದರೋ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು.

1878ರಲ್ಲಿ ವಿಶ್ವ ಅಂಚೆ ಒಕ್ಕೂಟ ಎಂಬ ಹೆಸರು ಪಡೆದ ಈ ಸಂಸ್ಥೆಗೆ ಸೈನ್ಯವಾಗಲಿ ದಂಡ ವಿಧಿಸುವ ಬಲವಾಗಲಿ ಇರಲಿಲ್ಲ. ಬರ್ನ್‌ನಲ್ಲೊಂದು ಕಚೇರಿ, ವ್ಯಾಜ್ಯ ಬಂದರೆ ಮಧ್ಯಸ್ಥಿಕೆ, ಕಾಲಕಾಲಕ್ಕೆ ಮಹಾಸಭೆ, ಇಷ್ಟೇ ಇದ್ದದ್ದು. ಒಪ್ಪಂದ ಮಾಡಿಕೊಂಡವರ ಶ್ರದ್ಧೆ ಮಾತ್ರ ಸಣ್ಣಪುಟ್ಟ ವಿವರಗಳವರೆಗೂ ಇಳಿದಿತ್ತು. ವಿದೇಶಕ್ಕೆ ಹೋಗುವ ಮುದ್ರಿತ ಪತ್ರಗಳ ಚೀಟಿ ಹಸಿರು, ಕಾರ್ಡಿನದು ಕೆಂಪು, ಕಾಗದದ್ದು ನೀಲಿ ಇರಬೇಕೆಂದು 1897ರ ವಾಷಿಂಗ್ಟನ್ ಮಹಾಸಭೆ ಗೊತ್ತುಮಾಡಿದ್ದರಿಂದ, ಚೀಟಿಯ ಮೇಲಿನ ಭಾಷೆಯನ್ನೇ ಓದಲು ಬಾರದ ಗುಮಾಸ್ತನೂ ಬಣ್ಣ ನೋಡಿ ಹಾಸಲು ಸರಿಯಿದೆಯೇ ಎಂದು ತಿಳಿಯಬಹುದಿತ್ತು.

ಆದರೆ ಕಾಗದಕ್ಕೊಂದು ಉತ್ತರ ಎಂಬ ಎಣಿಕೆ ಬಹುಕಾಲ ನಿಲ್ಲಲಿಲ್ಲ. ಶ್ರೀಮಂತ ದೇಶಗಳಿಂದ ನಿಯತಕಾಲಿಕಗಳೂ ಮುದ್ರಿತ ಪತ್ರಗಳೂ ರಾಶಿರಾಶಿಯಾಗಿ ಬರುತ್ತಿರಲು, ಅವನ್ನು ಬಿಟ್ಟಿಯಾಗಿ ಹಂಚುವ ಹೊರೆ ಹೊಸದಾಗಿ ಸ್ವತಂತ್ರವಾದ ದೇಶಗಳ ಮೇಲೆ ಬಿತ್ತು. ಅದರ ಪರಿಹಾರವಾಗಿ 1969ರ ಟೋಕಿಯೋ ಮಹಾಸಭೆಯಲ್ಲಿ ಟರ್ಮಿನಲ್ ಡ್ಯೂಸ್, ಅಂದರೆ ಟಪಾಲು ಕಳುಹಿಸಿದ ದೇಶ ಬಟವಾಡೆ ಮಾಡುವ ದೇಶಕ್ಕೆ ತೆರಬೇಕಾದ ಶುಲ್ಕ, ಜಾರಿಗೆ ಬರುವ ನಿರ್ಣಯವಾಯಿತು. ಬಿಟ್ಟ ಲೆಕ್ಕ ಹೀಗೆ ಮರಳಿ ಬಂತು. ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವಾಗಿ ಆಚರಿಸಬೇಕೆಂದು ಭಾರತೀಯ ನಿಯೋಗದ ಆನಂದ್ ಮೋಹನ್ ನರೂಲಾ ಸೂಚಿಸಿದ್ದೂ ಅದೇ ಸಭೆಯಲ್ಲಿ.

ಆನ್‌ಲೈನ್ ವ್ಯಾಪಾರ ಬೆಳೆದ ಮೇಲೆ ಅದೇ ಶುಲ್ಕ ಹೊಸ ಜಗಳಕ್ಕೆ ದಾರಿಯಾಯಿತು. ಅಭಿವೃದ್ಧಿಶೀಲ ದೇಶಗಳಿಗೆಂದು ಇಟ್ಟಿದ್ದ ಅಗ್ಗದ ದರದಲ್ಲಿ ಚೀನಾದ ಸಣ್ಣ ಪೊಟ್ಟಣಗಳು ಬರುತ್ತಿವೆ, ಬಟವಾಡೆಯ ನಷ್ಟ ತಮ್ಮ ತಲೆಗೆ ಬೀಳುತ್ತಿದೆ ಎಂದು ತಕರಾರು ತೆಗೆದ ಅಮೆರಿಕ, 2018ರ ಅಕ್ಟೋಬರ್‌ನಲ್ಲಿ ಒಕ್ಕೂಟವನ್ನೇ ಬಿಡುವುದಾಗಿ ನೋಟಿಸು ಕೊಟ್ಟಿತು. ಬಿಡುವವರು ಒಂದು ವರ್ಷ ಮೊದಲೇ ತಿಳಿಸಬೇಕೆಂಬ ನಿಯಮವೇ ಇಲ್ಲಿ ಸಂಧಾನಕ್ಕೆ ಕಾಲಾವಕಾಶ ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ವಿಶೇಷ ಮಹಾಸಭೆ, ಭಾರಿ ಪ್ರಮಾಣದಲ್ಲಿ ಟಪಾಲು ಬರುವ ದೇಶಗಳು 2020ರ ಜುಲೈನಿಂದ ತಮ್ಮ ದರವನ್ನು ತಾವೇ ಗೊತ್ತುಪಡಿಸಿಕೊಳ್ಳಲು ಅನುಮತಿ ನೀಡಿತು. ಅಮೆರಿಕ ನೋಟಿಸನ್ನು ಹಿಂದಕ್ಕೆ ಪಡೆದು ಒಕ್ಕೂಟದಲ್ಲೇ ಉಳಿಯಿತು.