ಹಾಡು ಕಂಪ್ಯೂಟರಿನದು, ಕೇಳುವುದು ಅಡುಗೆಮನೆಯಲ್ಲಿ

ಕಂಪ್ಯೂಟರಿನ ಇಯರ್‌ಫೋನ್ ತೂತಿಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಸಿಕ್ಕಿಸಿದರೆ ಸಾಕು, ಅಡುಗೆಮನೆಯ ಹಳೇ ರೇಡಿಯೋದಲ್ಲಿ ಅದೇ ಹಾಡು! ಆ ಪೆಟ್ಟಿಗೆಯೇ ಎಫ್‌ಎಂ ಟ್ರಾನ್ಸ್‌ಮಿಟರ್.

ಧ್ವನಿಯ ಏರಿಳಿತಕ್ಕೆ ತಕ್ಕಂತೆ ಇದು ರೇಡಿಯೋ ಅಲೆಯ ಆವರ್ತನವನ್ನು ಚೂರುಚೂರೇ ಬದಲಿಸುತ್ತದೆ. ಬೇಕಾದದ್ದು 87.5ರಿಂದ 108 ಮೆಗಾಹರ್ಟ್ಸ್ ನಡುವೆ ಒಂದು ಖಾಲಿ ಜಾಗ. ಬೆಂಗಳೂರಿನಲ್ಲಾದರೆ 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ ಕೇಂದ್ರಗಳಿವೆ. ಅವುಗಳ ಹತ್ತಿರಕ್ಕೂ ಹೋಗಬಾರದು. ಬರೀ ಗೊರಗೊರ ಸದ್ದು ಬರುವಲ್ಲಿ ರೇಡಿಯೋದ ಮುಳ್ಳು ನಿಲ್ಲಿಸಿ, ಟ್ರಾನ್ಸ್‌ಮಿಟರನ್ನೂ ಅದೇ ಜಾಗಕ್ಕೆ ಹೊಂದಿಸಬೇಕು. ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ.

ಬ್ರಿಟನ್ನಿನಲ್ಲಿ 2006ರ ಡಿಸೆಂಬರ್‌ವರೆಗೂ ಈ ಟ್ರಾನ್ಸ್‌ಮಿಟರಿನ ಬಳಕೆ ಕಾನೂನಿಗೆ ವಿರುದ್ಧವಾಗಿತ್ತು. ಆಮೇಲೂ ಒಪ್ಪಿಗೆ ಸಿಕ್ಕಿದ್ದು 50 ನ್ಯಾನೋವ್ಯಾಟ್‌ವರೆಗಿನ ಶಕ್ತಿಗೆ ಮಾತ್ರ. ಅಂದರೆ ಕೆಲವೇ ಮೀಟರ್ ದೂರ.

ಭಾರತದಲ್ಲೂ ರೇಡಿಯೋ ತರಂಗಗಳಿಗೆ ಸರ್ಕಾರದ ಕಟ್ಟುಪಾಡಿದೆ. ಆಂಟೆನಾ ಉದ್ದ ಮಾಡಿ ಬೀದಿಗೆಲ್ಲ ಕೇಳಿಸುವ ಸಾಹಸ ಬೇಡ. ಕೊಳ್ಳುವ ಮೊದಲೇ ನಿಯಮ ನೋಡಿಕೊಳ್ಳಿ.