ಖಿನ್ನತೆಯ ಜೊತೆಗೆ ಎಡಿಎಚ್‌ಡಿಯೂ ಇದೆ ಎಂದಾಗ

ವರ್ಷಗಟ್ಟಲೆ ಖಿನ್ನತೆಗೆ ಮಾತ್ರೆ ನುಂಗುತ್ತಿರುವವರಿಗೆ ನಡುವಯಸ್ಸಿನಲ್ಲಿ ಮನೋವೈದ್ಯರು ‘ನಿಮಗೆ ಎಡಿಎಚ್‌ಡಿಯೂ ಇದೆ’ ಎಂದರೆ ಹೇಗಾಗಬೇಡ? ಕೆಲವರಿಗೆ ಎದೆಯ ಭಾರ ಇಳಿದಂತಾಗುತ್ತದೆ. ಕೆಲವರಿಗೆ ‘ಇರುವುದೇ ಸಾಲದೆಂದು ಇದೊಂದು ಬೇರೆ’ ಎನಿಸುತ್ತದೆ. ಅನೇಕರಿಗೆ ಒಂದೇ ದಿನದಲ್ಲಿ ಎರಡೂ ಅನಿಸುತ್ತವೆ.

ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ನಿನ್ನೆ ಮೊನ್ನೆ ಬಂದದ್ದಲ್ಲ. ಆಟಿಸಂನಂತೆ ಇದೂ ಮಿದುಳಿನ ಬೆಳವಣಿಗೆಯ ಜೊತೆಗೇ ಬರುವ ಭಿನ್ನತೆ. ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಗಮನವೇ ಇಲ್ಲ ಎಂದು ಇದರ ಅರ್ಥವಲ್ಲ. ಗಮನವನ್ನು ಬೇಕಾದ ಕಡೆ ತಿರುಗಿಸುವುದು, ಶುರು ಮಾಡಿದ ಕೆಲಸ ಮುಗಿಸುವುದು, ಸಮಯದ ಅಂದಾಜು ಹಿಡಿಯುವುದು ಕಷ್ಟವಾಗುತ್ತದೆ. ಮಿದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಕೆಲಸ ಮಾಡುವ ರೀತಿಗೂ ಇದಕ್ಕೂ ನಂಟಿದೆ.

ಹಾಗಿದ್ದರೆ ಇಷ್ಟು ತಡವಾಗಿ ಗೊತ್ತಾಗುವುದೇಕೆ? ಏಕಾಗ್ರತೆ ಕೆಡುವುದು, ಚಡಪಡಿಕೆ, ನಿದ್ರೆಯ ತೊಂದರೆ ಇವೆಲ್ಲ ಖಿನ್ನತೆ ಮತ್ತು ಆತಂಕದಲ್ಲೂ ಇರುತ್ತವೆ. ಮೊದಲು ಕಣ್ಣಿಗೆ ಬಿದ್ದ ಕಾಯಿಲೆಯ ಲೆಕ್ಕಕ್ಕೇ ಎಲ್ಲವೂ ಸೇರಿಬಿಡುತ್ತವೆ. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗ ಗುರುತಿಗೆ ಸಿಗುತ್ತಾನೆ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿ ತಪ್ಪಿಹೋಗುತ್ತಾಳೆ.

ಎರಡನ್ನೂ ಬೇರ್ಪಡಿಸಿ ನೋಡಲು ವೈದ್ಯರಿಗೆ ನೆರವಾಗುವುದು ಕಾಲದ ಲೆಕ್ಕ. ಖಿನ್ನತೆ ಸಾಮಾನ್ಯವಾಗಿ ಬಂದು ಹೋಗುತ್ತದೆ. ಎಡಿಎಚ್‌ಡಿ ಬಾಲ್ಯದಿಂದಲೂ ಜೊತೆಗಿರುತ್ತದೆ. 2013ರಲ್ಲಿ ಬಂದ ಅಮೆರಿಕದ ಮನೋರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ, ಇದರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ವೈದ್ಯರು ಶಾಲೆಯ ದಿನಗಳ ಬಗ್ಗೆ ಕೆದಕಿ ಕೇಳುವುದು, ಸಾಧ್ಯವಾದರೆ ತಾಯಿಯನ್ನೋ ಅಕ್ಕನನ್ನೋ ಮಾತಾಡಿಸುವುದು ಇದಕ್ಕೇ.

ಹೊಸ ರೋಗನಿರ್ಣಯ ಬಂತೆಂದು ಹಳೆಯದು ಸುಳ್ಳಾಗುವುದಿಲ್ಲ. ಎಡಿಎಚ್‌ಡಿ ಇರುವವರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು. ಅನುವಂಶೀಯ ಕಾರಣಗಳು ಒಂದಷ್ಟು ಇವೆ. ಜೊತೆಗೆ ‘ಸೋಮಾರಿ’, ‘ಬುದ್ಧಿ ಇದೆ, ಶ್ರದ್ಧೆ ಇಲ್ಲ’ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ಮನಸ್ಸು ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿರುತ್ತದೆ.

ಆದ್ದರಿಂದಲೇ ನಿರಾಳದ ಬೆನ್ನಿಗೆ ದುಃಖ ಬರುತ್ತದೆ. ‘ಹತ್ತನೇ ಕ್ಲಾಸಿನಲ್ಲೇ ಗೊತ್ತಾಗಿದ್ದರೆ ಓದು ನಿಲ್ಲುತ್ತಿರಲಿಲ್ಲವೇನೋ’ ಎಂಬ ಕೊರಗು, ಬೈದವರ ಮೇಲೆ ಸಿಟ್ಟು. ಇದು ಕಾಯಿಲೆಯಲ್ಲ, ಕಳೆದುಹೋದ ಅವಕಾಶಗಳಿಗಾಗಿ ಪಡುವ ಸಹಜ ಶೋಕ. ಅದನ್ನು ಅದುಮಿಡಬೇಕಿಲ್ಲ; ನಂಬುವವರೊಂದಿಗೆ ಹೇಳಿಕೊಳ್ಳಬಹುದು, ಅಳಬಹುದು. ಯಾರಿಗೆ ಯಾವಾಗ ತಿಳಿಸಬೇಕೆಂಬ ತೀರ್ಮಾನ ನಿಮ್ಮದೇ.

ಆದರೆ ಮೊದಲೇ ಖಿನ್ನತೆ ಇರುವವರು ಒಂದು ಗೆರೆಯನ್ನು ಗಮನಿಸುತ್ತಿರಬೇಕು. ದಿನದ ಬಹುಪಾಲು ಮಂಕು ಕವಿದಿದ್ದು ಅದು ಎರಡು ವಾರ ದಾಟಿದರೆ, ನಿದ್ರೆ ಹಸಿವು ಕೆಟ್ಟು ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಅದು ಖಿನ್ನತೆ ಮರುಕಳಿಸಿರುವ ಸೂಚನೆ ಇರಬಹುದು, ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಹೇಳಿ.

‘ಮೂಲ ಕಾರಣ ಸಿಕ್ಕಿತಲ್ಲ’ ಎಂದು ಹಳೆಯ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಯಾವುದಕ್ಕೆ ಮೊದಲು ಚಿಕಿತ್ಸೆ ಎಂಬುದಕ್ಕೂ ಒಂದು ಕ್ರಮವಿದೆ. ಖಿನ್ನತೆ ತೀವ್ರವಾಗಿದ್ದರೆ ಮೊದಲು ಅದನ್ನೇ ಹತೋಟಿಗೆ ತರುತ್ತಾರೆ. ಖಿನ್ನತೆಯ ಜೊತೆಗೆ ಉನ್ಮಾದದ ಅವಧಿಗಳೂ ಬರುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಮನಃಸ್ಥಿತಿ ಸ್ಥಿರವಾದ ಮೇಲೆಯೇ ಮೀಥೈಲ್‌ಫೆನಿಡೇಟ್‌ನಂಥ ಉತ್ತೇಜಕ ಔಷಧದ ಯೋಚನೆ, ಏಕೆಂದರೆ ಅದು ಉನ್ಮಾದವನ್ನು ಕೆರಳಿಸಬಹುದು. ಔಷಧದ ಜೊತೆಗೆ ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿಕೊಳ್ಳುವುದು, ಬರೆದಿಡುವುದು, ಫೋನಿನಲ್ಲಿ ಅಲಾರಂ ಇಡುವುದು, ಎಡಿಎಚ್‌ಡಿ ಬಲ್ಲವರಿಂದ ಆಪ್ತಸಮಾಲೋಚನೆ ಪಡೆಯುವುದು, ಎಲ್ಲವೂ ಫಲ ಕೊಡುತ್ತವೆ.

ತಕ್ಷಣಕ್ಕೆ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆ ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಲ್ಲಿ ಒಂದು ವಿನಂತಿ: ‘ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು’ ಎಂದು ಕೇಳಬೇಡಿ. ಅದು ಮೊದಲಿನಿಂದಲೂ ಇತ್ತು, ಇಷ್ಟು ವರ್ಷ ಅವರೊಬ್ಬರೇ ಹೊತ್ತಿದ್ದರು. ಇನ್ನು ಮುಂದಾದರೂ ನೀವೂ ಹೆಗಲು ಕೊಡಿ.